ಅಡುಗೆಗೊಂದು ಕರಿಬೇವು, ಹುಳಕ್ಕೊಂದು

ಮೈಸೂರಲ್ಲಿ ನಮ್ದು 40-60 ಸೈಟು, ಹಿಂದ್ಗಡೆ ಒಂದಿಷ್ಟು ಜಾಗ ಬಿಟ್ಟಿದೀವಿ, ಮೊದ್ಲು ಅಲ್ಲಿ ಲಾನ್ ಇತ್ತು. ನೀರು ಹಾಕಿ ಹಾಕಿ ಸಾಕಾಗೋಗಿತ್ತು, ಒಂದು ಹಕ್ಕಿನೂ ಆ ಕಡೆ ತಲೆ ಹಾಕ್ತಿರ್ಲಿಲ್ಲ.

ಶುರುವಾಗಿದ್ದು ಕರಿಬೇವಿನ ಗಿಡದಿಂದ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಒರೆಸೋಕೆ ಹೋದ್ರೆ ಅದು ಅಲ್ಲಾಡ್ತು! ಇಷ್ಟು ವರ್ಷ ಬೇವಿನೆಣ್ಣೆ ಹೊಡೆದು ಸಾಯಿಸ್ತಿದ್ದಿದ್ದು ಇದನ್ನೇ. ಆ ಸಲ ಯಾಕೋ ಬಿಟ್ಟೆ, ನೋಡ್ತಾ ನೋಡ್ತಾ ಕಿರುಬೆರಳು ದಪ್ಪ ಹಸಿರು ಹುಳ ಆಯ್ತು, ಕಡ್ಡೀಲಿ ಮುಟ್ಟಿದ್ರೆ ತಲೆ ಹಿಂದಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಹಾಕೋದು, ಜೊತೆಗೆ ಒಂಥರಾ ಘಾಟು ವಾಸನೆ, ಆಮೇಲೆ ಕೋಶ ಕಟ್ಕೊಂಡು 11ನೇ ದಿನ ಬೆಳಿಗ್ಗೆ ನಾನು ಕಾಫಿ ಹಿಡ್ಕೊಂಡು ಹೋದ್ರೆ ಕರೀ ಚಿಟ್ಟೆ ರೆಕ್ಕೆ ಒಣಗಿಸ್ಕೊಂಡು ಕೂತಿದೆ. ಕಾಮನ್ ಮಾರ್ಮನ್.

"ಒಗ್ಗರಣೆಗೆ ನಾಲ್ಕೆಲೆ ಗತಿಯಿಲ್ಲ, ನೀನು ಹುಳ ಸಾಕು" ಅಂದ್ರು ಅತ್ತೆ. ನ್ಯಾಯವಾದ ಮಾತೇ. ಇನ್ನೊಂದು ಗಿಡ ಹಾಕಿದ್ವಿ, ಅಡುಗೆ ಗಿಡದಲ್ಲಿ ಹುಳ ಕಂಡ್ರೆ ರೆಂಬೆ ಸಮೇತ ಆ ಕಡೆ ಸಾಗಿಸೋದು. ಈಗ ಆ ಡ್ಯೂಟಿ ಅತ್ತೇದೇ.

ಲಾನ್ ಕಿತ್ತಾಕಿ ಎಕ್ಕ, ತುಂಬೆ, ಕೇಪಳ ಹಾಕ್ದೆ. ಎಕ್ಕಕ್ಕೆ ಪ್ಲೇನ್ ಟೈಗರ್ ಚಿಟ್ಟೆ, ಕೇಪಳಕ್ಕೆ ಸೂರಕ್ಕಿ. ಲಂಟಾನ ಮಾತ್ರ ಬೇಡ ಅಂದೆ, ಚಿಟ್ಟೆ ಬರುತ್ತೆ ನಿಜ, ಆದ್ರೆ ಬಂಡೀಪುರದಲ್ಲಿ ಅದು ಕಾಡನ್ನ ಹೇಗೆ ನುಂಗಿದೆ ಅಂತ ನೋಡಿದೋರಿಗೆ ಮನೇಲಿ ಸಾಕೋಕೆ ಮನಸ್ಸು ಬರಲ್ಲ.

ತರಗೆಲೆ ಗುಡಿಸೋದು ನಿಲ್ಲಿಸಿದ್ದೇ ದೊಡ್ಡ ಲಾಭ ಅಂತೀನಿ ನಾನು. ಮೂಲೇಲಿ ಅರ್ಧ ಅಡಿ ರಾಶಿ ಆಗಿದೆ, ಹರಟೆಮಲ್ಲ ಹಕ್ಕಿಗಳು ದಂಡು ಕಟ್ಕೊಂಡು ಬಂದು ಒಂದೊಂದೇ ಎಲೆ ಮಗುಚಿ ಹುಳ ಹುಡುಕ್ತಾ ಜಗಳ ಆಡ್ತಿರ್ತವೆ, ಒಳಗೆ ಹಾವುರಾಣಿ ಓಡಾಡ್ಕೊಂಡಿದೆ. ಹಾವು ಬರಲ್ವಾ ಅಂತ ಪಕ್ಕದ್ಮನೆಯವ್ರು ಕೇಳ್ತಾನೇ ಇರ್ತಾರೆ. ಒಂದ್ಸಲ ಕೇರೆಹಾವು ಬಂತು, ಹೋಯ್ತು. ಅದಕ್ಕೇ ರಾಶೀನ ಬಾಗಿಲಿಂದ ದೂರ ಇಟ್ಟಿರೋದು. ಹಕ್ಕಿಗೆ ಇಟ್ಟ ನೀರು ದಿನಾ ಚೆಲ್ಲಿ ಬೇರೆ ಹಾಕ್ತೀನಿ, ಇಲ್ಲಾಂದ್ರೆ ಸೊಳ್ಳೆ.

ಬೇಜಾರಾಗಿದ್ದು ಈಶ್ವರಿ ಬಳ್ಳಿ ವಿಷಯಕ್ಕೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರ್ಲಿ ಅನ್ನೋ ಆಸೆಗೆ ಹಾಕಿದ್ದೆ, ಅದು ಬರ್ಲಿಲ್ಲ, ಕ್ರಿಮ್ಸನ್ ರೋಸ್ ಅನ್ನೋ ಬೇರೆ ಚಿಟ್ಟೆ ಬಂದು ಮೊಟ್ಟೆ ಇಡ್ತು. ಹುಳ ದಪ್ಪ ಆಗ್ತಿರೋ ಹೊತ್ತಿಗೆ ಕ್ಲೀನ್ ಮಾಡೋಕೆ ಬಂದವ್ರು ಕಳೆ ಅಂದ್ಕೊಂಡು ಇಡೀ ಬಳ್ಳಿ ಎಳೆದು ಕಸಕ್ಕೆ ಹಾಕಿದ್ರು. ಹೇಳಿರ್ಲಿಲ್ಲ, ತಪ್ಪು ನಂದೇ. ಬೇರು ಉಳಿದಿತ್ತೇನೋ, ಮೊನ್ನೆ ಮಳೆಗೆ ಎರಡು ಚಿಗುರು ಬಂದಿದೆ, ಪಕ್ಕದಲ್ಲೊಂದು ಕೋಲು ನೆಟ್ಟು ಕೆಂಪು ರಿಬ್ಬನ್ ಕಟ್ಟಿದೀನಿ.