ತೋಟದ ಮನೆಯಲ್ಲಿ ಪಾರ್ಟಿ ಮಾಡುವವರಿಗೆ: ಕುಡಿತ, ಒಪ್ಪಿಗೆ ಮತ್ತು ಒಳಚಿಲಕ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಬೆಳಗ್ಗೆ ಮುಳ್ಳಯ್ಯನಗಿರಿ ಹತ್ತಿ, ಸಂಜೆಗೆ ಮೂಡಿಗೆರೆ ಕಡೆ ನಮ್ಮಂಥವರ ಹೋಮ್‌ಸ್ಟೇಗೆ ಬಂದು ಇಳಿಯುವ ಗುಂಪುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರಿನ ಡಿಕ್ಕಿಯಿಂದ ಬಟ್ಟೆ ಬ್ಯಾಗಿಗಿಂತ ಮೊದಲು ಇಳಿಯುವುದು ಬಾಟಲಿ ಪೆಟ್ಟಿಗೆ. ಅದಕ್ಕೆ ನನ್ನ ತಕರಾರಿಲ್ಲ. ನಮಗೆ ಮದ್ಯ ಮಾರುವ ಲೈಸೆನ್ಸ್ ಇಲ್ಲ, ಮಾರುವುದೂ ಇಲ್ಲ. ನೀವು ತಂದದ್ದು ನೀವು ಕುಡಿಯಿರಿ.

ತಕರಾರು ಇರುವುದು ಬೇರೆ ಕಡೆ. ಬಂದ ಅರ್ಧ ಗಂಟೆಯೊಳಗೆ ಗುಂಪಿನ ಯಾರಾದರೂ ಒಬ್ಬ ಹುಡುಗಿ ಅಡುಗೆಮನೆಗೆ ಬಂದು ಮೆತ್ತಗೆ ಕೇಳುತ್ತಾಳೆ: "ಆಂಟಿ, ರೂಮಿಗೆ ಒಳಗಿನ ಚಿಲಕ ಸರಿ ಇದೆಯಾ?" ಹುಡುಗರು ಕೇಳುವುದು ವೈಫೈ ಪಾಸ್‌ವರ್ಡ್, ಐಸು, ಕಬಾಬು. ಬಾಡಿಗೆ ಎಲ್ಲರೂ ಸಮ ಹಂಚಿಕೊಳ್ಳುತ್ತಾರೆ, ಹೆದರಿಕೆ ಮಾತ್ರ ಅರ್ಧ ಜನರ ಪಾಲಿಗೆ. ಹುಷಾರಾಗಿರು, ಕಮ್ಮಿ ಕುಡಿ, ಒಬ್ಬಳೇ ಹೋಗಬೇಡ ಅಂತ ಹೆಣ್ಣುಮಕ್ಕಳಿಗೆ ಹೇಳುವವರು ಊರು ತುಂಬ ಇದ್ದಾರೆ. ಅದಕ್ಕೇ ಇಲ್ಲಿ ಪಾರ್ಟಿಯ ಏರ್ಪಾಡು ಮಾಡುವವರಿಗೆ ಮತ್ತು ಹುಡುಗರಿಗೆ ಜಾಸ್ತಿ ಹೇಳುತ್ತೇನೆ.

ಬುಕ್ ಮಾಡುವ ಮೊದಲು

ಮಾಲೀಕರಿಗೆ ಫೋನ್ ಮಾಡಿ ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ರಾತ್ರಿ ಮನೆಯವರು ಅಲ್ಲೇ ಇರುತ್ತಾರಾ, ಅಥವಾ ಕೀಲಿ ಕೊಟ್ಟು ಹೋಗುತ್ತಾರಾ? ಪ್ರತಿ ರೂಮಿಗೂ ಒಳಚಿಲಕ ಇದೆಯಾ? ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ, ಮನೆಯೊಳಗೆ ಸಿಗುತ್ತದಾ? ನಮ್ಮಲ್ಲಿ ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸರಿಯಾಗಿ ಸಿಗುವುದು. ಬಂದವರಿಗೆಲ್ಲ ಬೆಳಕಿರುವಾಗಲೇ ಆ ಮೂಲೆ ತೋರಿಸಿಬಿಡುತ್ತೇನೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ, ಬೇರೆ ಯಾವುದಾದರೂ ಕಂಪನಿಯ ಟವರ್ ಸಿಗುವ ಜಾಗವಾದರೆ 112ಕ್ಕೆ ಕರೆ ಹೋಗುತ್ತದೆ. ಯಾವ ಟವರೂ ಇಲ್ಲದ ಕಡೆ ಅದೂ ಇಲ್ಲ. ಹಾಗಾಗಿ ಮನೆಯ ಹೆಸರು, ಹತ್ತಿರದ ಊರು, ಲೊಕೇಶನ್ ಇಷ್ಟನ್ನು ಪೇಟೆ ದಾಟುವ ಮೊದಲೇ ಊರಲ್ಲಿರುವ ಯಾರಿಗಾದರೂ ಕಳಿಸಿಡಿ.

ಇನ್ನು ಮಲಗುವ ವಿಷಯ. ಯಾರು ಯಾವ ರೂಮಿನಲ್ಲಿ ಅನ್ನುವುದನ್ನು ಮೊದಲ ಬಾಟಲಿ ತೆರೆಯುವ ಮುಂಚೆಯೇ ಎಲ್ಲರ ಎದುರಿಗೆ ತೀರ್ಮಾನಿಸಿ. "ಆಮೇಲೆ ನೋಡೋಣ ಬಿಡೋ" ಅಂದಿರೋ, ರಾತ್ರಿ ಒಂದು ಗಂಟೆಗೆ ಯಾರೋ ಒಬ್ಬ ಹುಡುಗಿಯರ ಮಂಚದ ಮೇಲೆ ಬಿದ್ದು ಗೊರಕೆ ಹೊಡೆಯುತ್ತಿರುತ್ತಾನೆ. ಉಳಿದವರು "ಇಲ್ಲೇ ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನುತ್ತಾರೆ. ಆ ಹೊತ್ತಿಗೆ "ನನಗೆ ಇಷ್ಟವಿಲ್ಲ" ಅಂತ ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ರೂಮಿನ ಕೀಲಿ ಆ ರೂಮಿನವರ ಹತ್ತಿರವೇ ಇರಲಿ.

ಒಬ್ಬರು ಕುಡಿಯದೆ ಇರಬೇಕು. ಪ್ರತಿ ಸಲ ಅದು ಹುಡುಗಿಯೇ ಆಗಬಾರದು. ಕಾರಿನ ಕೀಲಿ ಅವರ ಬಳಿ ಇರಲಿ, ಏಕೆಂದರೆ ನಡುರಾತ್ರಿ ಆಸ್ಪತ್ರೆಗೋ ಸ್ಟೇಷನ್ನಿಗೋ ಹೋಗಬೇಕಾಗಿ ಬಂದರೆ ನಮ್ಮ ಮಣ್ಣುರಸ್ತೆಗೆ ಆಟೋ ಬರುವುದಿಲ್ಲ.

ಲೋಟದ ಲೆಕ್ಕ

30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಅದನ್ನು ಕಳೆಯಲು ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಇನ್ನು "ಬರೀ ಬಿಯರ್ ಕುಡ್ದೆ" ಅನ್ನುವವರು ಬಾಟಲಿ ತಿರುಗಿಸಿ ಲೇಬಲ್ ಓದಿ. ಶೇ 8ರ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿ ಅಂದರೆ 40 ಗ್ರಾಂ ದಾಟಿತು. ನಾಲ್ಕು ಸಣ್ಣ ಪೆಗ್ ಆಯಿತಲ್ಲ! ಹತ್ತು ಗಂಟೆಗೆ ಅಂಥ ಎರಡು ಬಾಟಲಿ ಮುಗಿಸಿದವರು ಬೆಳಗಿನ ಜಾವದವರೆಗೂ ಅಮಲಿನಲ್ಲೇ ಇರುತ್ತಾರೆ. ಹೆಣ್ಣಿನ ಮೈಯಲ್ಲಿ ನೀರಿನಂಶ ಕಮ್ಮಿ. ಹಾಗಾಗಿ ಗಂಡಿನಷ್ಟೇ ಕುಡಿದರೂ ರಕ್ತದಲ್ಲಿ ಏರುವುದು ಜಾಸ್ತಿ.

ಕಾಫಿ ಬೆಳೆಯುವವಳೇ ಹೇಳುತ್ತಿದ್ದೇನೆ: ಕಾಫಿಗೆ ಅಮಲು ಇಳಿಯುವುದಿಲ್ಲ. ಅಮಲಿನಲ್ಲಿರುವವರು ಕಣ್ಣು ಬಿಟ್ಟುಕೊಂಡಿರುತ್ತಾರೆ, ಅಷ್ಟೆ. ತಣ್ಣೀರ ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಯಾವುದಕ್ಕೂ ಇಳಿಯುವುದಿಲ್ಲ.

ಫೈರ್‌ಕ್ಯಾಂಪ್ ಹತ್ತಿರ ನನ್ನ ಕಣ್ಣಿಗೆ ಬೀಳುವುದು ಸುರಿಯುವ ಕೈ. ಹುಡುಗಿ ಫೋನ್ ನೋಡಲು ಆ ಕಡೆ ತಿರುಗುತ್ತಾಳೆ. ಅರ್ಧ ಇದ್ದ ಅವಳ ಲೋಟ ಈ ಕಡೆ ತಿರುಗುವಷ್ಟರಲ್ಲಿ ತುಂಬಿರುತ್ತದೆ. ಅವಳ ಲೆಕ್ಕದಲ್ಲಿ ಅದು ಒಂದೇ ಲೋಟ. ಪ್ರೀತಿಗೆ ಸುರಿದೆ ಅನ್ನುತ್ತೀರಿ. ಕೇಳದೆ ಸುರಿಯಬೇಡಿ, ಮುಗಿಯದ ಲೋಟಕ್ಕೆ ಸುರಿಯಬೇಡಿ, ತಂಪು ಪಾನೀಯದಲ್ಲಿ ಹೇಳದೆ ವೋಡ್ಕಾ ಬೆರೆಸಬೇಡಿ. ಒಬ್ಬರನ್ನು "ಸ್ವಲ್ಪ ಫ್ರೀ ಮಾಡೋಕೆ" ಕುಡಿಸುವುದು ತಮಾಷೆಯೇ ಅಲ್ಲ. ಯಾರಾದರೂ ಹಾಗೆ ಅಂದದ್ದು ಕಿವಿಗೆ ಬಿದ್ದರೆ ಪಕ್ಕದಲ್ಲಿರುವ ಗೆಳೆಯ ಅಲ್ಲೇ ತಡೆಯಬೇಕು.

ಒಪ್ಪಿಗೆ

"ಹಾಗಾದ್ರೆ ಕುಡಿದವರು ಒಬ್ಬರನ್ನೊಬ್ಬರು ಮುಟ್ಟಲೇಬಾರದಾ ಆಂಟಿ?" ಅಂತ ಒಬ್ಬ ಹುಡುಗ ಕೇಳಿದ್ದ. ನ್ಯಾಯವಾದ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿ ಇದಕ್ಕೆ ಉತ್ತರವಿದೆ. ಒಂದು ಗುಟುಕು ಕುಡಿದ ಮಾತ್ರಕ್ಕೆ ಒಪ್ಪಿಗೆ ಹುಸಿಯಾಗುತ್ತದೆ ಎಂದು ಅದು ಹೇಳುವುದಿಲ್ಲ. ಅಮಲಿನಿಂದಾಗಿ, ತಾನು ಯಾವುದಕ್ಕೆ ಹೂಂ ಅನ್ನುತ್ತಿದ್ದೇನೆ, ಅದರಿಂದ ಏನಾಗುತ್ತದೆ ಅನ್ನುವುದು ತಿಳಿಯದ ಸ್ಥಿತಿಯಲ್ಲಿ ಹೆಣ್ಣು ಹೂಂ ಅಂದರೂ ಅದು ಒಪ್ಪಿಗೆಯಲ್ಲ, ಅತ್ಯಾಚಾರ ಅನ್ನುತ್ತದೆ. ಶಿಕ್ಷೆ ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. "ನಾನೂ ಕುಡಿದಿದ್ದೆ, ಗೊತ್ತಾಗಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೂ ಇತ್ತು ಎಂದೇ ಕಾನೂನು ನೋಡುತ್ತದೆ. ಇನ್ನು 18 ತುಂಬದವರ ಹೂಂಗೆ, ಕುಡಿದಿರಲಿ ಬಿಡಲಿ, ಬೆಲೆಯೇ ಇಲ್ಲ.

ಎಲ್ಲಿಗೆ ಗೆರೆ? ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವುದು, ಗೋಡೆ ಹಿಡಿದು ನಡೆಯುವುದು, ಚಪ್ಪಲಿಗೆ ಕಾಲು ತೂರಿಸಲು ಹೋಗಿ ತಪ್ಪುವುದು, ಫೋನ್ ಲಾಕ್ ತೆಗೆಯಲಾಗದೆ ತಡಕಾಡುವುದು, ವಾಂತಿ. ಇಷ್ಟರಲ್ಲಿ ಒಂದು ಕಂಡರೂ ಅವತ್ತಿನ ಮಟ್ಟಿಗೆ ಮುಗಿಯಿತು. ಆದರೆ ಇವು ಯಾವುದೂ ಕಾಣದೆಯೂ ಇರಬಹುದು. ತುಂಬಾ ಕುಡಿದಾಗ ಮಿದುಳು ನೆನಪು ಕೂಡಿಡುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ನಡೆಯುತ್ತಾನೆ, ನಗುತ್ತಾನೆ, ಹಾಡುತ್ತಾನೆ, ಬೆಳಗ್ಗೆ ಒಂದೂ ನೆನಪಿರುವುದಿಲ್ಲ. ಅದಕ್ಕೇ "ಚೆನ್ನಾಗೇ ನಡೀತಿದ್ಲಲ್ಲ" ಅನ್ನುವುದು ಪುರಾವೆಯಲ್ಲ. ಮೇಲಾಗಿ ಅಳೆಯುವವನೂ ಅಮಲಿನಲ್ಲಿರುತ್ತಾನೆ. ಹಾಗಾಗಿ ನನ್ನ ಉತ್ತರ ಕಾನೂನಿಗಿಂತ ಬಿಗಿ: ಹೊಸ ಪರಿಚಯ, ಇಬ್ಬರೂ ಕುಡಿದಿದ್ದೀರಿ ಅಂದರೆ ಇವತ್ತು ಬೇಡ. ಅವಳಿಗೆ ನಿಜವಾಗಿ ಮನಸ್ಸಿದ್ದರೆ ನಾಳೆಯೂ ಇರುತ್ತದೆ. ನಾಳೆ ಇರುವುದಿಲ್ಲ ಅನ್ನುವ ಅನುಮಾನ ನಿಮಗಿದ್ದರೆ, ಇವತ್ತೂ ಇಲ್ಲ ಅಂತಲೇ ತಿಳಿದುಕೊಳ್ಳಿ.

ಅಮಲಿಲ್ಲದಾಗಲೂ ಕೇಳುವುದನ್ನು ಕಲಿಯಬೇಕು. "ನಿನಗೆ ಓಕೇನಾ? ಬೇಡ ಅಂದ್ರೆ ಏನೂ ಬೇಜಾರಿಲ್ಲ." ಇಷ್ಟು ಹೇಳಿ, ಕೈ ಹಿಂದೆ ತೆಗೆದುಕೊಂಡು, ಉತ್ತರಕ್ಕೆ ಕಾಯಿರಿ. ಮುತ್ತಿಗೆ ಹೂಂ ಅಂದದ್ದು ಮುಂದಿನದಕ್ಕೂ ಹೂಂ ಅಂತಲ್ಲ. ನಡುವೆ ಬೇಡ ಅಂದರೆ ನಡುವೆಯೇ ನಿಲ್ಲಬೇಕು. "ಈಗ ಬೇಡ", "ತಲೆ ತಿರುಗ್ತಿದೆ", "ನಿದ್ದೆ ಬರ್ತಿದೆ ಕಣೋ", ಮುಖ ಆ ಕಡೆ ತಿರುಗಿಸುವುದು, ಸುಮ್ನೆ ಮರದ ಹಾಗೆ ಇದ್ದುಬಿಡುವುದು, ಎಲ್ಲವೂ ಬೇಡ ಅಂತಲೇ. ಮದುವೆ ಮಾತುಕತೆಗೆ ಬಂದವರು "ಊರಿಗೆ ಹೋಗಿ ಫೋನ್ ಮಾಡ್ತೀವಿ" ಅಂದರೆ ಇಲ್ಲ ಅಂತ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಅದೇ ಜನಕ್ಕೆ ರಾತ್ರಿ "ಈಗ ಬೇಡ" ಅನ್ನುವುದು ಅರ್ಥವಾಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ. ಹೆದರಿಕೆಗೆ ಮೈ ಕಲ್ಲಾಗುವುದುಂಟು, ಕೂಗೋಕೆ ಗಂಟಲು ಏಳುವುದಿಲ್ಲ. ಪ್ರತಿಭಟಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಎಂದು ತಿಳಿಯುವಂತಿಲ್ಲ ಅಂತ ಅದೇ 63ನೇ ಸೆಕ್ಷನ್ನಿನಲ್ಲಿ ಬರೆದಿದೆ.

ಗಂಡ ಹೆಂಡತಿಯಾಗಿ ಬರುವವರಿಗೂ ಒಂದು ಮಾತು. ಹೆಂಡತಿಯ ಮೇಲಿನ ಬಲವಂತವನ್ನು ನಮ್ಮ ಕಾನೂನು ಇನ್ನೂ ಅತ್ಯಾಚಾರ ಅನ್ನುವುದಿಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಅದಿರಲಿ, ನನ್ನ ಮನೆಯ ನಿಯಮದಲ್ಲಿ ತಾಳಿಗೆ ರಿಯಾಯಿತಿ ಇಲ್ಲ.

ಕಣ್ಣಿಗೆ ಬಿದ್ದರೆ

ಏನೋ ಸರಿಯಿಲ್ಲ ಅನ್ನಿಸಿದಾಗ ಜಗಳಕ್ಕೇ ಇಳಿಯಬೇಕಿಲ್ಲ. ನಾನು ಮಾಡುವುದು ಇಷ್ಟು: ಅಂಗಳಕ್ಕೆ ಹೋಗಿ, "ಏ ಹುಡುಗಿ, ಅಕ್ಕಿ ರೊಟ್ಟಿ ತಟ್ಟೋಕೆ ಒಂಚೂರು ಬಾ" ಅನ್ನುತ್ತೇನೆ. ಅವಳು ಅಡುಗೆಮನೆಗೆ ಬಂದ ಮೇಲೆ ಹಿಟ್ಟಿನ ಉಂಡೆ ಕೈಗೆ ಕೊಟ್ಟು, "ಅಲ್ಲಿಗೆ ವಾಪಸ್ ಹೋಗ್ಬೇಕಾ, ಇಲ್ಲೇ ಇರ್ಬೇಕಾ?" ಅಂತ ಕೇಳುತ್ತೇನೆ. ಎಷ್ಟೋ ಸಲ ನಗುತ್ತಾ ವಾಪಸ್ ಹೋಗುತ್ತಾರೆ, ಏನೂ ಆಗಿರುವುದಿಲ್ಲ. ಕೆಲವು ಸಲ ರೊಟ್ಟಿ ತಟ್ಟುತ್ತಲೇ ಇರುತ್ತಾರೆ. ಗುಂಪಿನ ಹುಡುಗರೂ ಇದನ್ನೇ ಮಾಡಬಹುದು. "ಮಗಾ, ಬಾ ಇಲ್ಲಿ, ಕಾರ್ ತೆಗೀಬೇಕು" ಅಂತ ಗೆಳೆಯನನ್ನು ಎಬ್ಬಿಸಿಕೊಂಡು ಹೋಗಿ. ಅವಳನ್ನು ಬಚ್ಚಿಡುವುದಕ್ಕಿಂತ ಅವನನ್ನು ಎಬ್ಬಿಸುವುದು ಸುಲಭ.

ಪೂರ್ತಿ ಮೈಮೇಲೆ ಎಚ್ಚರವಿಲ್ಲದವರನ್ನು ರೂಮಿಗೆ ಹಾಕಿ ಬಾಗಿಲೆಳೆದು ಬರಬೇಡಿ. ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲಿ ಕೂರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ಕೂಡಲೇ 108. ಡಿಸೆಂಬರ್ ಚಳಿಯಲ್ಲಿ ಬೆಂಕಿ ಪಕ್ಕ ಮಲಗಿಬಿಡುವುದೂ ಅಪಾಯವೇ. ಕುಡಿದರೆ ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ಅಂದಹಾಗೆ, ಪೇಟೆಯಿಂದ ಬಂದವರ ಅನುಮಾನ ಮೊದಲು ತಿರುಗುವುದು ನಮ್ಮ ತೋಟದ ಆಳುಗಳ ಕಡೆ. ಅಪರಿಚಿತರಿಂದ ತೊಂದರೆ ಆಗುವುದೇ ಇಲ್ಲ ಅಂತಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಬರುವುದು ಒಂದೇ: ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಗೊತ್ತಿದ್ದವರೇ. ತೋಟದ ಆಳುಗಳು ಇರುವ ಲೈನ್ ಮನೆಯ ಹೆಂಗಸರಿಗೂ ಕೂಲಿ ಬಟವಾಡೆಯ ರಾತ್ರಿ ಇದೇ ಭಯ, ಇದೇ ಚಿಲಕದ ಪ್ರಶ್ನೆ. ಅವರಿಗೆ ಹೆದರಿಕೆ ಹುಟ್ಟಿಸುವವರೂ ದೂರದವರಲ್ಲ. ಹೋಮ್‌ಸ್ಟೇ ನಡೆಸುವವರು ಅತಿಥಿಗಳ ಬಾಗಿಲಿಗೆ ಚಿಲಕ ಹಾಕಿಸುವಾಗ ಲೈನ್ ಮನೆಗೂ ಹಾಕಿಸಿ. ಸಾವಿರಗಟ್ಟಲೆ ಖರ್ಚಿಲ್ಲ.

ಆಗಬಾರದ್ದು ಆದರೆ

ಮೊದಲು ಆಸ್ಪತ್ರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಚಿಕಿತ್ಸೆ ಇಲ್ಲ ಅನ್ನುವಂತಿಲ್ಲ, ದುಡ್ಡು ಕೇಳುವಂತಿಲ್ಲ. ದೂರು ಕೊಟ್ಟ ಮೇಲೇ ಚಿಕಿತ್ಸೆ ಅಂತೇನೂ ಇಲ್ಲ. ಆದರೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಅದು ಗೊತ್ತಿರಲಿ. ಎಚ್‌ಐವಿ ತಡೆಯುವ ಔಷಧಿಗೆ 72 ಗಂಟೆಯ ಗಡುವು. ಗರ್ಭ ತಡೆಯುವ ಮಾತ್ರೆಯೂ 72 ಗಂಟೆಯೊಳಗಾದರೆ ಹೆಚ್ಚು ಫಲ, ಆದರೆ ಐದು ದಿನದವರೆಗೂ ಕೊಡಬಹುದು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆದರೆ ಸ್ನಾನಕ್ಕೆ ಮೊದಲು ಹೋಗಿ. ತೊಟ್ಟಿದ್ದ ಬಟ್ಟೆ ಒಗೆಯಬೇಡಿ, ಪ್ಲಾಸ್ಟಿಕ್ ಬೇಡ, ಪೇಪರಿನಲ್ಲಿ ಸುತ್ತಿ. ಲೋಟದಲ್ಲಿ ಏನೋ ಬೆರೆಸಿದ್ದರು ಅನ್ನಿಸಿದರೆ ಮೊದಲೇ ಡಾಕ್ಟರಿಗೆ ಹೇಳಿ, ಏಕೆಂದರೆ ಕೆಲವು ವಸ್ತುಗಳು ಮೂತ್ರದಲ್ಲಿ ಸಿಗುವುದು ಕೆಲವೇ ಗಂಟೆ. ಸ್ನಾನ ಆಗಿಹೋಗಿದ್ದರೂ, ಎರಡು ದಿನ ಕಳೆದಿದ್ದರೂ ಹೋಗಿ. ಪರೀಕ್ಷೆಗೆ ಒಪ್ಪುವುದು ಬಿಡುವುದು ಅವಳಿಗೆ ಬಿಟ್ಟದ್ದು. ಬೇಡ ಅಂದರೂ ಚಿಕಿತ್ಸೆ ಕೊಡಲೇಬೇಕು. ಮೊದಲೇ ಸಂಭೋಗ ಆಗಿತ್ತಾ ಅಂತ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವಂತೆಯೇ ಇಲ್ಲ. ಮಾಡಿದವರದ್ದು ದುರ್ನಡತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದೂರು ಕೊಡಲು ಘಟನೆ ನಡೆದ ಊರಿಗೇ ಬರಬೇಕಿಲ್ಲ. ಮೂಡಿಗೆರೆಯಲ್ಲಿ ಆದದ್ದಕ್ಕೆ ಬೆಂಗಳೂರಿನ ನಿಮ್ಮ ಮನೆ ಹತ್ತಿರದ ಸ್ಟೇಷನ್ನಿನಲ್ಲೇ ಎಫ್‌ಐಆರ್ ಹಾಕಿಸಬಹುದು. ಝೀರೋ ಎಫ್‌ಐಆರ್ ಅನ್ನುತ್ತಾರೆ, ಅದು ಆಮೇಲೆ ಇಲ್ಲಿಗೆ ಬರುತ್ತದೆ. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎಲ್ಲಿಂದ ಶುರು ಮಾಡುವುದು ತೋಚದಿದ್ದರೆ 181 ಮಹಿಳಾ ಸಹಾಯವಾಣಿ. ಮನಸ್ಸು ಕುಸಿದಾಗ ಮಾತಾಡಲು 14416, ಟೆಲಿ ಮಾನಸ್.

ಹುಡುಗನ ಮೇಲೂ ಹೀಗೆ ಆಗುತ್ತದೆ. ದೌರ್ಜನ್ಯಕ್ಕೆ ಒಳಗಾದವನು 18 ತುಂಬಿದ ಗಂಡಾದರೆ ಅವನ ಪ್ರಕರಣಕ್ಕೆ ಅತ್ಯಾಚಾರದ ಸೆಕ್ಷನ್ ಅನ್ವಯಿಸುವುದಿಲ್ಲ. ಹಾಗಂತ ಆಸ್ಪತ್ರೆಗೆ ಹೋಗದೆ ಇರಬೇಡಿ, ಎಚ್‌ಐವಿ ತಡೆಯುವ ಆ 72 ಗಂಟೆಯ ಔಷಧಿ ಅವನಿಗೂ ಬೇಕು.

ಗೆಳತಿ ಬಂದು ಹೇಳಿದರೆ "ಎಷ್ಟು ಕುಡಿದಿದ್ದೆ?" ಎಂದು ಕೇಳಬೇಡಿ. "ಈಗ ಏನು ಮಾಡೋಣ, ನಾನು ಜೊತೆಗೆ ಬರ್ಲಾ?" ಅಂದರೆ ಸಾಕು. ಪೊಲೀಸರಿಗೆ ಹೇಳುವುದೋ ಬೇಡವೋ, ಮನೆಯಲ್ಲಿ ಹೇಳುವುದೋ ಬೇಡವೋ, ಅವಳೇ ತೀರ್ಮಾನಿಸಲಿ. ಟ್ರಿಪ್ಪಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪಂಚಾಯಿತಿ ಮಾಡಬೇಡಿ, ಅವಳ ಹೆಸರು ಹೊರಗೆ ಹರಡುವುದೇ ಅಪರಾಧವಾಗಬಹುದು. ಗ್ರೂಪ್ ಡಿಲೀಟ್ ಮಾಡಲೂ ಹೋಗಬೇಡಿ. ಆ ರಾತ್ರಿಯ ಫೋಟೊ, ಮೆಸೇಜು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಹಾಗೇ ಇಡಿ.