ಅತ್ತೆ ಮಂಚದ ಪಕ್ಕ ಹೊಲಿಗೆ ಮಿಷನ್ನು: ನನ್ನ ಅನುಭವ

ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದೋದಾಗ "ಇನ್ನು ನಿನ್ ಟೈಲರಿಂಗ್ ಮುಗೀತು ಬಿಡು" ಅಂತ ಓಣಿಯವರೆಲ್ಲ ಹೇಳಿದ್ರು, ನಮ್ಮೆಜಮಾನ್ರೂ ಸೇರಿ. ಎರಡು ವರ್ಷ ಆಯ್ತು, ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ 38ನೋ 40ನೋ ಬ್ಲೌಸ್ ಹೊಲಿದು ಕೊಟ್ಟೀನಿ, ಅದಕ್ಕೇ ಬರೀತಿರೋದು.

ಮೊದ್ಲು ದುಡ್ಡು ಕಳ್ಕೊಂಡಿದ್ದು ಹೇಳ್ತೀನಿ. ತಿಂಗಳಿಗೆ 18 ಸಾವಿರ ಅಂತ ಹೋಮ್ ನರ್ಸ್ ಇಟ್ವಿ, ಹನ್ನೆರಡನೇ ದಿನ ಊರಿಗೆ ಹೋದೋಳು ಬರ್ಲೇ ಇಲ್ಲ, 5 ಸಾವಿರ ಅಡ್ವಾನ್ಸೂ ಬರ್ಲಿಲ್ಲ. ಅಂಗಡಿಗೆ 4,500 ಬಾಡಿಗೆ, ಬಾಗಿಲು ತೆಗೀತಿದ್ದಿದ್ದು ವಾರಕ್ಕೆ ಮೂರೇ ದಿನ. ಸರಿ ರಾತ್ರಿ ಹೊಲಿಯೋಣ ಅಂತ 11ಕ್ಕೆ ಕೂತ್ರೆ ನಿದ್ದೆಗಣ್ಣಲ್ಲಿ ಒಬ್ರ ರೇಷ್ಮೆ ಪೀಸಲ್ಲಿ ಎರಡೂ ಬಲತೋಳೇ ಕಟ್ ಮಾಡಿಬಿಟ್ಟೆ, 1,200 ದಂಡ.

ಆಮೇಲೆ ಅಂಗಡಿ ಬಿಟ್ಟು ಮಿಷನ್ ಮಂಚದ ಪಕ್ಕಕ್ಕೇ ತಂದೆ. ಮಲಗಿದಲ್ಲೇ ಹುಣ್ಣಾಗ್ದಂಗೆ ಎರಡು ತಾಸಿಗೊಮ್ಮೆ ಅತ್ತೆಗೆ ಮಗ್ಗುಲು ಬದಲಿಸ್ಲೇಬೇಕಲ್ಲ, ಅದನ್ನೇ ಗಡಿಯಾರ ಮಾಡ್ಕೊಂಡೆ. ಗೋಡೆ ಕಡೆ ಮುಖ ಇದ್ದಾಗ ಮಿಷನ್ ಕೆಲಸ, ನನ್ ಕಡೆ ಮುಖ ಇದ್ದಾಗ ಹೆಮ್ಮಿಂಗು, ಹುಕ್ಕು, ಸೀರೆ ಕುಚ್ಚು, ಯಾಕಂದ್ರೆ ಆಗ ಮಿಷನ್ ತುಳಿದ್ರೆ ಮಾತಾಡ್ಸಲ್ಲ ಅಂತ ಅವ್ರಿಗೆ ಸಿಟ್ಟು. ಕಟಿಂಗ್ ಮಾತ್ರ ಬೆಳಿಗ್ಗೆ 5ಕ್ಕೇ, ರಾತ್ರಿ ಕತ್ತರಿ ಮುಟ್ಟಲ್ಲ. ಕುಚ್ಚಿನ ದಾರ ಜಾರ್ದಂಗೆ ಗಂಟು ಹಾಕೋದು ಹೆಂಗೆ ಅಂತ ಕೇಳ್ಬೇಡಿ, ಅದು ಹೇಳಲ್ಲ.

ಮಧ್ಯೆ ಒಂದು ತಲೆಹರಟೆ ಮಾಡಿದ್ದೆ. ಸೊಂಟದ ಹತ್ರ ಚರ್ಮ ಕೆಂಪಾಯ್ತು ಅಂತ ಉಳಿದ ಬಟ್ಟೆ ತುಂಬಿ ರಿಂಗ್ ಥರ ದಿಂಬು ಹೊಲಿದೆ, ಡ್ರೆಸ್ಸಿಂಗಿಗೆ ಬಂದ ಸಿಸ್ಟರ್ ನೋಡಿ ಬೈದ್ರು, ಸುತ್ತಲ ಚರ್ಮಕ್ಕೆ ಒತ್ತಡ ಬಿದ್ದು ರಕ್ತ ಓಡಲ್ಲ, ಹುಣ್ಣು ಜಾಸ್ತಿ ಆಗುತ್ತಂತೆ. ಬಿಚ್ಚಿ ಬೆನ್ನಿಗೊಂದು, ಮಂಡಿ ನಡುವೆ ಒಂದು, ಮೀನಖಂಡದ ಕೆಳಗೆ ಹಿಮ್ಮಡಿ ಹಾಸಿಗೆಗೆ ತಾಗ್ದಂಗೆ ಒಂದು ಅಂತ ಉದ್ದ ದಿಂಬು ಮಾಡಿದೆ. ಅದೇ ಸೆಟ್ಟು 600ರಂತೆ ನಾಲ್ಕು ಮನೆಗೆ ಮಾರಿದೀನಿ! ಏರ್‌ಬೆಡ್ಡೂ ಇದೆ, ಆದ್ರೆ ಕರೆಂಟ್ ಹೋದ್ರೆ ಅದು ಚಪ್ಪಟೆ, ಅದನ್ನ ನಂಬಿ ಹೊರಳ್ಸೋದು ಬಿಡ್ಬೇಡಿ.

ಈಗ ತಿಂಗಳಿಗೆ 13-14 ಸಾವಿರ ಸಿಗ್ತಿದೆ, ಡೈಪರ್‌ಗೆ 2,500 ಹತ್ರ ಹೋಗುತ್ತೆ, ಆಷಾಢದಲ್ಲಿ ಸಂಪಾದನೆ ಅರ್ಧ. ಭಾನುವಾರ 4ರಿಂದ 6 ಯಜಮಾನ್ರ ಪಾಳಿ, ನಾನು ಫ್ರೆಂಡ್ ಜೊತೆ ಬೆಣ್ಣೆದೋಸೆ ತಿನ್ನೋಕೆ ಹೋಗ್ತೀನಿ, ಫೋನ್ ಎತ್ತಲ್ಲ.

ಅತ್ತೆ ಈಗ ಎಡಗೈಲಿ ಹುಕ್ ಡಬ್ಬಿ ಹಿಡ್ಕೋತಾರೆ. ಮೊನ್ನೆ ನಾನು ಬ್ಲೌಸಿಗೆ ಹಚ್ಚಿದ ತೋಳು ನೋಡಿ ಕಷ್ಟಪಟ್ಟು "ಓರೆ" ಅಂದ್ರು. ನೋಡಿದ್ರೆ ಹೌದು, ಓರೆನೇ. ಬಿಚ್ಚಿ ಹೊಲಿದೆ.