ಜಿಂಪ್‌ನಲ್ಲಿ ಜಾಲತಾಣಕ್ಕೆ ಚೆಂದದ ಬಾಕ್ಸ್

ಜಿಂಪ್ ಚಿತ್ರ ತಿದ್ದುವ ತಂತ್ರಾಂಶ. ಪುಟದ ಬರಹದ ಹಿಂದೆ ಇಡುವ ಬಾಕ್ಸ್ 600×400 ಪಿಕ್ಸೆಲ್ ಬೇಕಿದ್ದರೆ ಅದರಲ್ಲಿ ಹೊಸ ಕಡತವನ್ನು 680×480 ಅಳತೆಯಲ್ಲಿ ತೆರೆಯಿರಿ. ಸುತ್ತ ಉಳಿಯುವ 40 ಪಿಕ್ಸೆಲ್ ನೆರಳಿಗೆ ಮೀಸಲು. ಬಿಡದಿದ್ದರೆ ನೆರಳು ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಫಿಲ್ ವಿತ್ ಎಂಬಲ್ಲಿ ಟ್ರಾನ್ಸ್‌ಪರೆನ್ಸಿ ಆರಿಸಿ.

ರೆಕ್ಟ್ಯಾಂಗಲ್ ಸೆಲೆಕ್ಟ್ ಟೂಲ್‌ನಲ್ಲಿ ರೌಂಡೆಡ್ ಕಾರ್ನರ್ಸ್ ಟಿಕ್ ಮಾಡಿ, ರೇಡಿಯಸ್ 12 ಕೊಡಿ. ಪೊಸಿಷನ್ 40, 40. ಸೈಜ್ 600, 400. ತಿಳಿ ಕೆನೆಬಣ್ಣ ತುಂಬಿ. ಅಚ್ಚ ಬಿಳಿಗಿಂತ ಅದು ಕಣ್ಣಿಗೆ ಹಿತ.

ಹೆಚ್ಚಿನವರು ಎಡವುವುದು ಇಲ್ಲೇ. ನೆರಳು ಹಾಕುವ ಮುನ್ನ ಸೆಲೆಕ್ಟ್ ಮೆನುವಿನಲ್ಲಿ ನನ್ (None) ಒತ್ತಲೇಬೇಕು. ಆಯ್ಕೆ ಹಾಗೇ ಉಳಿದರೆ ಫಿಲ್ಟರ್ ಅದರೊಳಗಷ್ಟೇ ಕೆಲಸ ಮಾಡುತ್ತದೆ, ನೆರಳು ಹೊರಗೆ ಬೀಳುವುದೇ ಇಲ್ಲ. ಆಮೇಲೆ ಫಿಲ್ಟರ್ಸ್, ಲೈಟ್ ಆ್ಯಂಡ್ ಶ್ಯಾಡೋ, ಡ್ರಾಪ್ ಶ್ಯಾಡೋ: ಎಕ್ಸ್ 0, ವೈ 4, ಬ್ಲರ್ 12, ಒಪ್ಯಾಸಿಟಿ 0.25. ಇದಕ್ಕಿಂತ ಗಾಢವಾದರೆ ಮಸಿ ಬಳಿದಂತಾಗುತ್ತದೆ.

ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ಗೆ ಪಾರದರ್ಶಕತೆ ಇಲ್ಲ, ಮೂಲೆಗಳಿಗೆ ಬಣ್ಣ ತುಂಬಿಕೊಳ್ಳುತ್ತದೆ.

ಬರಹವನ್ನು ಮಾತ್ರ ಚಿತ್ರದೊಳಗೆ ಕೂರಿಸಬೇಡಿ. ಹುಡುಕಾಟಕ್ಕೂ ಸಿಗದು, ಮೊಬೈಲಿನಲ್ಲಿ ಓದಲೂ ಆಗದು. ಪುಟದಲ್ಲೇ ಟೈಪಿಸಿ, ಸಾಲಿನ ಎತ್ತರ 1.7 ಇಡಿ. ‘ರಾಷ್ಟ್ರ’ದಂಥ ಪದದ ಎರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗದಿರಲು ಅಷ್ಟು ಜಾಗ ಬೇಕು.